ನಾಲ್ಕನೇ ಪ್ಯಾರಾ ಮತ್ತೆ ಬರೆಯಿರಿ

ಪ್ರಿಯ ಮಿತ್ರರೇ,

ಸೋವಿಯತ್ ಕವಿ ಅಲೆಕ್ಸಾಂಡರ್ ತ್ವರ್ದೋವ್‌ಸ್ಕಿ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಒಂದು ಸಾಲು ಬರೆದು ವಾಪಸ್ ಕಳಿಸಬಹುದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ನಿಮ್ಮ ಲೇಖನ ನನಗೆ ನಿಜಕ್ಕೂ ಸಿಟ್ಟು ತರಿಸಿತು. ಅದು ಯಾಕೆ ಅಂತ ನಿಮಗೆ ಗೊತ್ತಾಗಬೇಕು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಭಾಷೆ ಚೊಕ್ಕವಾಗಿದೆ. ಇಸವಿಗಳು ಸರಿಯಾಗಿವೆ. ನಮ್ಮಲ್ಲಿ ಹೆಚ್ಚು ಜನ ಓದದ ಒಬ್ಬ ಕವಿಯನ್ನು ಆರಿಸಿಕೊಂಡಿದ್ದೀರಿ, ಅದಕ್ಕೆ ಸಂತೋಷ.

ಈಗ ನಾಲ್ಕನೇ ಪ್ಯಾರಾಕ್ಕೆ ಬರೋಣ. ನೀವು ಬರೆದದ್ದು ಇದು:

"1931ರಲ್ಲಿ ಕವಿಯ ಕುಟುಂಬ ಅನೇಕ ಕಷ್ಟಗಳಿಗೆ ಗುರಿಯಾಯಿತು. ಆದರೂ ಅವರು ಧೃತಿಗೆಡದೆ ಸಾಹಿತ್ಯ ಸೇವೆ ಮುಂದುವರಿಸಿದರು. ಅವರ 'ಮುರಾವಿಯಾ ದೇಶ' ಎಂಬ ಕಥನಕಾವ್ಯ ರೈತರ ಆಶೋತ್ತರಗಳನ್ನು ಎತ್ತಿ ಹಿಡಿಯಿತು."

ಮೂರೇ ವಾಕ್ಯ. ಒಂದೊಂದಾಗಿ ನೋಡೋಣ.

"ಅನೇಕ ಕಷ್ಟಗಳಿಗೆ ಗುರಿಯಾಯಿತು." ಬರ ಬಂದರೂ ಒಂದು ಕುಟುಂಬ ಕಷ್ಟಕ್ಕೆ ಗುರಿಯಾಗುತ್ತದೆ. ಕಾಲರಾ ಬಂದರೂ ಆಗುತ್ತದೆ. ಇಲ್ಲಿ ಬಂದದ್ದು ಸರ್ಕಾರ. ತಂದೆ ತ್ರಿಫೊನ್ ಗೊರ್ದೆಯೆವಿಚ್ ಕಮ್ಮಾರರು. ಸ್ಮೊಲೆನ್‌ಸ್ಕ್ ಸೀಮೆಯ ಝಗೋರ್ಯೆ ಎಂಬಲ್ಲಿ ರೈತರ ಬ್ಯಾಂಕಿನಿಂದ ಕಂತಿನ ಮೇಲೆ ಒಂದಿಷ್ಟು ನೆಲ ಕೊಂಡಿದ್ದರು. ಜೌಗು ನೆಲ, ಸಾರವಿಲ್ಲದ ಮಣ್ಣು. ಆದರೂ ಅದು ತಮ್ಮದು ಅನ್ನುವ ಹೆಮ್ಮೆ ತಂದೆಗೆ ಎಷ್ಟಿತ್ತು ಅಂತ ಕವಿಯೇ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಅಂಥ ಮನುಷ್ಯನಿಗೆ 'ಕುಲಕ' ಎಂದು, ಅಂದರೆ ಬಡವರನ್ನು ಹಿಂಡುವ ಸಿರಿವಂತ ರೈತ ಎಂದು ಹಣೆಪಟ್ಟಿ ಹಚ್ಚಿದರು. ಮನೆ, ನೆಲ, ದನ ಎಲ್ಲ ಕಿತ್ತುಕೊಂಡರು. 1931ರ ಮಾರ್ಚ್‌ನಲ್ಲಿ ಇಡೀ ಸಂಸಾರವನ್ನು ಉರಲ್ ಬೆಟ್ಟಗಳ ಕಡೆಯ ಕಾಡಿಗೆ ಸಾಗಿಸಿದರು. ನಿಮ್ಮ ವಾಕ್ಯದಲ್ಲಿ ಇದನ್ನು ಮಾಡಿದವರು ಯಾರೂ ಇಲ್ಲ. ಅನುಭವಿಸಿದವರೂ ಇಲ್ಲ. 'ಕುಟುಂಬ' ಅಂದುಬಿಟ್ಟರೆ ಅಪ್ಪನ ಮುಖ ಕಾಣುತ್ತದೆಯೇ? ಅಮ್ಮ ಮರಿಯಾ ಮಿತ್ರೊಫಾನೊವ್ನಾ ಕಾಣುತ್ತಾರೆಯೇ? ಅಮ್ಮ 1965ರಲ್ಲಿ ತೀರಿಕೊಂಡ ಮೇಲೆ ಮಗ ಬರೆದ ಕವನಗಳಲ್ಲಿ ಆ ಕಾಡು ಬರುತ್ತದೆ. ಅಲ್ಲಿನ ಸ್ಮಶಾನದಲ್ಲಿ ಊರಿನಂತೆ ಬರ್ಚ್ ಮರಗಳಿಲ್ಲ, ಬರೀ ಮರ ಕಡಿದ ಬೊಡ್ಡೆಗಳು. ಇಲ್ಲಿ ಸಾಯುವ ಹಾಗೆ ಆಗದಿರಲಿ ಅಂತ ಅಮ್ಮನಿಗೆ ಹೆದರಿಕೆ. ಈ ಕವನಗಳನ್ನು ನೀವು ಓದಿದ್ದೀರಿ, ಕೊನೆಯ ಪುಟದಲ್ಲಿ ಅವುಗಳ ಹೆಸರು ಹೇಳಿದ್ದೀರಿ. ನಾಲ್ಕನೇ ಪ್ಯಾರಾ ಬರೆಯುವಾಗ ಅವು ಎಲ್ಲಿ ಹೋದವು?

"ಧೃತಿಗೆಡದೆ ಸಾಹಿತ್ಯ ಸೇವೆ ಮುಂದುವರಿಸಿದರು." ಈ ವಾಕ್ಯ ಓದಿ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಗ ಕವಿಗೆ ವಯಸ್ಸು ಇಪ್ಪತ್ತು. ಮನೆಯವರ ಜೊತೆ ಇರಲಿಲ್ಲ. ಅಪ್ಪನ ಜೊತೆ ಜಗಳವಾಡಿ ಮೂರು ವರ್ಷ ಮೊದಲೇ ಸ್ಮೊಲೆನ್‌ಸ್ಕ್‌ಗೆ ಬಂದು ಪತ್ರಿಕೆಗಳಿಗೆ ಬರೆದುಕೊಂಡಿದ್ದರು. ಸುದ್ದಿ ಕೇಳಿ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯ ಹತ್ತಿರ ಹೋದರು. ಅಪ್ಪ ಅಮ್ಮ ಬೇಕೋ ಕ್ರಾಂತಿ ಬೇಕೋ ಆರಿಸಿಕೊಳ್ಳಬೇಕಾದ ಕಾಲ ಇದು ಅಂತ ಆ ಕಾರ್ಯದರ್ಶಿ ಹೇಳಿದರು. ಹುಡುಗ ಆರಿಸಿಕೊಂಡ. ಕಾಡಿನಿಂದ ಬಂದ ಕಾಗದಗಳಿಗೆ ಉತ್ತರವಾಗಿ, ತಾಳ್ಮೆಯಿಂದಿರಿ, ಕೆಲಸ ಮಾಡಿ, ಇನ್ನು ನನಗೆ ಬರೆಯಬೇಡಿ ಅಂತ ಬರೆದ. ಮುಂದೊಮ್ಮೆ ಅಪ್ಪ ಅಲ್ಲಿಂದ ತಪ್ಪಿಸಿಕೊಂಡು, ಪುಟ್ಟ ಮಗ ಪಾವ್ಲಿಕ್‌ನ ಕೈಹಿಡಿದುಕೊಂಡು ಸ್ಮೊಲೆನ್‌ಸ್ಕ್‌ಗೆ ಬಂದರು. ದೊಡ್ಡ ಮಗನನ್ನು ಕಂಡರು. ನಾನು ಮಾಡಬಹುದಾದ ಸಹಾಯ ಒಂದೇ, ನೀವು ಎಲ್ಲಿಂದ ಬಂದಿರೋ ಅಲ್ಲಿಗೆ ಪುಕ್ಕಟೆಯಾಗಿ ತಲುಪಿಸುವುದು ಅಂದನಂತೆ ಮಗ. ಇದನ್ನು ನೆನಪಿನ ಪುಸ್ತಕದಲ್ಲಿ ಬರೆದಿಟ್ಟವರು ಕವಿಯ ತಮ್ಮ ಇವಾನ್. ದ್ವೇಷದಿಂದ ಬರೆದದ್ದಲ್ಲ ಅದು.

ಇದಕ್ಕೆ 'ಧೃತಿಗೆಡದೆ' ಅನ್ನಬಹುದೇ?

ಕವಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಆಗ ಸ್ಮೊಲೆನ್‌ಸ್ಕ್‌ನಲ್ಲಿ ಅವರನ್ನೇ ಕುಲಕರ ಕವಿ ಎಂದು ಬೆನ್ನು ಹತ್ತಿದವರಿದ್ದರು. ಸೋತರೆ ಅವರೂ ಅದೇ ರೈಲು ಹತ್ತಬೇಕಿತ್ತು. ಆ ಭಯವನ್ನೂ ಬರೆಯಿರಿ. 1936ರಲ್ಲಿ ಅವರೇ ಹೋಗಿ ಮನೆಯವರನ್ನು ಸ್ಮೊಲೆನ್‌ಸ್ಕ್‌ಗೆ ಕರೆತಂದರು, ಅದನ್ನೂ ಬರೆಯಿರಿ. 1937ರಲ್ಲಿ ಗೆಳೆಯ, ವಿಮರ್ಶಕ ಮಕೆದೊನೊವ್ ಬಂಧನವಾದಾಗ ಅವರ ಪರವಾಗಿ ನಿಂತರು. ಆರು ವರ್ಷದ ಹಿಂದೆ ಅಪ್ಪನಿಗಾಗಿ ಬಾಯಿ ಬಿಡಲಾಗದಿದ್ದ ಮನುಷ್ಯ, ಸ್ಟಾಲಿನ್ ಕಾಲದ ಬಂಧನಗಳಿಗೆ ದೇಶವೇ ನಡುಗುತ್ತಿದ್ದ ಆ ವರ್ಷ ಗೆಳೆಯನಿಗಾಗಿ ಬಾಯಿ ಬಿಟ್ಟರು. ಈ ಎರಡನ್ನೂ ಓದುಗರ ಮುಂದೆ ಇಟ್ಟರೆ ಸಾಕು, ತೀರ್ಪು ಬೇಕಾಗಿಲ್ಲ.

ಮೂರನೇ ವಾಕ್ಯ: "ರೈತರ ಆಶೋತ್ತರಗಳನ್ನು ಎತ್ತಿ ಹಿಡಿಯಿತು." ಆ ಕಾವ್ಯ ಬರೆದದ್ದು 1934ರಿಂದ 1936ರವರೆಗೆ. ಅದರ ನಾಯಕ ನಿಕಿತಾ ಮೊರ್ಗುನೋಕ್ ತನ್ನದೇ ನೆಲ, ತನ್ನದೇ ಕುದುರೆ ಇಟ್ಟುಕೊಂಡು ಬಾಳಬಹುದಾದ ಒಂದು ಸೀಮೆಯನ್ನು ಹುಡುಕುತ್ತಾ ಗಾಡಿ ಹೂಡಿಕೊಂಡು ಹೊರಡುವ ರೈತ. ಅಂಥ ಸೀಮೆ ಸಿಗುವುದಿಲ್ಲ. ಕೊನೆಗೆ ಸರ್ಕಾರ ತಂದ ಸಾಮೂಹಿಕ ಬೇಸಾಯದ ದಾರಿಗೆ ಒಪ್ಪುತ್ತಾನೆ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಂತು ಕಟ್ಟಿ ಸ್ವಂತ ನೆಲ ಮಾಡಿಕೊಂಡ ಅಪ್ಪ ಅದನ್ನು ಕಳೆದುಕೊಂಡು ಊರಿನಿಂದ ದೂರವಿದ್ದಾಗ, ಸ್ವಂತ ನೆಲದ ಆಸೆ ಬಿಟ್ಟುಬಿಡುವ ರೈತನ ಕಥೆಯನ್ನು ಮಗ ಬರೆಯುತ್ತಿದ್ದ. ಆ ಕಾವ್ಯಕ್ಕೆ 1941ರಲ್ಲಿ ಸ್ಟಾಲಿನ್ ಪ್ರಶಸ್ತಿ ಬಂತು. ಹಾಗಿದ್ದೂ ಆ ರೈತನನ್ನು ಎಷ್ಟು ಅಕ್ಕರೆಯಿಂದ ಬರೆದಿದ್ದಾರೆ! ಆತನ ಆಸೆಯನ್ನು ಎಲ್ಲೂ ಹೀಯಾಳಿಸಿಲ್ಲ. ನನ್ನ ಪ್ರಕಾರ ಮೊರ್ಗುನೋಕ್ ಒಳಗೆ ತ್ರಿಫೊನ್ ಇದ್ದಾರೆ. ಇದು ನನ್ನ ಓದು ಅಷ್ಟೇ, ನೀವು ಬೇರೆ ಹೇಳಬಹುದು. ಆದರೆ ಏನಾದರೂ ಒಂದು ಹೇಳಲೇಬೇಕು. 'ಆಶೋತ್ತರ' ಅಂತ ಬರೆದು ದಾಟಿಹೋಗುವ ಜಾಗ ಇದಲ್ಲ.

ಇಷ್ಟು ಜಾಸ್ತಿ ಹೇಳುತ್ತಿರುವುದಕ್ಕೆ ಒಂದು ಹಳೆಯ ಕಾರಣವಿದೆ. ನಾನು ಈ ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ, ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ. ಕರಡು ತಿದ್ದುವಾಗ ನಾನು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಸಂಪಾದಕರು ಅಚ್ಚಾದ ಹಾಳೆ ನೋಡುತ್ತಾ ಕೂರುತ್ತಿದ್ದರು. ಒಮ್ಮೆ ತೀರಿಹೋದ ಹೆಡ್ಮಾಸ್ಟರ್ ಒಬ್ಬರ ಬಗ್ಗೆ ಅವರ ಹಳೇ ವಿದ್ಯಾರ್ಥಿ ಬರೆದ ಲೇಖನ ಬಂತು. "ಗುರುಗಳು ಶಿಸ್ತಿಗೆ ಹೆಸರಾಗಿದ್ದರು" ಅಂತ ಓದಿದೆ. ಸಂಪಾದಕರು ತಲೆ ಎತ್ತಿ, "ಹೊಡೀತಿದ್ರಾ?" ಅಂದರು. ನನಗೇನು ಗೊತ್ತು ಸಾರ್ ಅಂದೆ. "ಹೋಗಿ ಕೇಳ್ಕೊಂಡು ಬಾ, ಅಲ್ಲೀವರೆಗೂ ಇದು ನಿಂತಿರ್ಲಿ" ಅಂದರು.

ಹೋದೆ. ಬರೆದವರು ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದರು. ಪ್ರಶ್ನೆ ಕೇಳಿ ಮೊದಲು ಕೋಪ ಮಾಡಿಕೊಂಡರು. ಆಮೇಲೆ ಗಿರಾಕಿಗಳೆಲ್ಲ ಹೋದ ಮೇಲೆ ಹೇಳಿದರು. ಫೀಸು ತರದಿದ್ದಕ್ಕೆ ಹೆಡ್ಮಾಸ್ಟರು ಇಡೀ ಕ್ಲಾಸಿನ ಎದುರಿಗೆ ಬೆತ್ತ ಮುರಿಯುವ ಹಾಗೆ ಬಾರಿಸಿದ್ದರಂತೆ. ಅದೇ ವರ್ಷ ಪರೀಕ್ಷೆ ಫೀಸನ್ನು ಯಾರಿಗೂ ಹೇಳದೆ ಅವರೇ ಕಟ್ಟಿದ್ದರಂತೆ. "ಎರಡೂ ಬರೀಬೇಕಾ?" ಅಂತ ಕೇಳಿದರು. ಎರಡೂ ಬರೆದರು, ಎರಡೂ ಅಚ್ಚಾಯಿತು. ಮುಂದಿನ ವಾರ ಅದೇ ಶಾಲೆಯಲ್ಲಿ ಓದಿದವರ ಕಾಗದಗಳು ಸಾಲಾಗಿ ಬಂದವು. ಪೆಟ್ಟು ತಿಂದವರು, ಫೀಸು ಕಟ್ಟಿಸಿಕೊಂಡವರು, ಎರಡೂ ಆದವರು. ನಿಮ್ಮ 'ಧೃತಿಗೆಡದೆ' ಓದಿದಾಗ ನನಗೆ ಕೇಳಿಸಿದ್ದು ಆ ಸಂಪಾದಕರ ದನಿ.

ನಾಲ್ಕನೇ ಪ್ಯಾರಾ ಹೀಗೆ ಕೈಕೊಟ್ಟಿದ್ದರಿಂದ ನಿಮ್ಮ ಹತ್ತನೇ ಪ್ಯಾರಾ ಕೂಡ ನಿಲ್ಲುತ್ತಿಲ್ಲ. 'ನೋವಿ ಮೀರ್' ಪತ್ರಿಕೆಯ "ನಿರ್ಭೀತ ಸಂಪಾದಕ" ಅಂತ ಅಲ್ಲಿ ಕರೆದಿದ್ದೀರಿ. ಆ ಧೈರ್ಯ ಎಲ್ಲಿಂದ ಬಂತು? 1950ರಿಂದ 1954ರವರೆಗೆ, ಮತ್ತೆ 1958ರಿಂದ 1970ರವರೆಗೆ ಅವರು ಆ ಪತ್ರಿಕೆ ನಡೆಸಿದರು. 1961ರ ಕೊನೆಯಲ್ಲಿ, ಹೆಸರೇ ಕೇಳಿರದ ಒಬ್ಬ ಶಾಲಾ ಮೇಷ್ಟ್ರು ಬರೆದ ಕೈದಿಯ ಕಥೆಯೊಂದು ಅವರ ಕೈಗೆ ಬಂತು. ರಾತ್ರಿ ಮಲಗಿಕೊಂಡು ಓದಲು ಶುರು ಮಾಡಿದರು. ಇದನ್ನು ಮಲಗಿ ಓದಬಾರದು ಅನ್ನಿಸಿ ಎದ್ದು, ಬಟ್ಟೆ ಹಾಕಿಕೊಂಡು ಕೂತು ಓದಿದರು. ಆ ಮೇಷ್ಟ್ರೇ ಮುಂದೆ ಹೆಸರಾಂತ ಕಾದಂಬರಿಕಾರರಾದ ಸೊಲ್ಝೆನಿತ್ಸಿನ್. ಅಚ್ಚಿಗೆ ಅನುಮತಿ ಪಡೆಯಲು ಸುಮಾರು ಒಂದು ವರ್ಷ ಹಿಡಿಯಿತು, ದೇಶದ ನಾಯಕ ಕ್ರುಶ್ಚೇವ್‌ವರೆಗೂ ಹೋಗಬೇಕಾಯಿತು. 1962ರ ನವೆಂಬರ್ ಸಂಚಿಕೆಯಲ್ಲಿ 'ಇವಾನ್ ಡೆನಿಸೊವಿಚ್‌ನ ಬದುಕಿನ ಒಂದು ದಿನ' ಬಂತು. ಇಷ್ಟನ್ನು ನೀವೂ ಹೇಳಿದ್ದೀರಿ. ಆದರೆ ಇವಾನ್ ಡೆನಿಸೊವಿಚ್ ಯಾರು? ಕೈದಿಗಳ ದುಡಿಮೆ ಶಿಬಿರದಲ್ಲಿ ಗೋಡೆ ಕಟ್ಟುವಾಗಲೂ ಕೆಲಸ ಕೆಡಿಸಲು ಮನಸ್ಸು ಬಾರದ ಒಬ್ಬ ರೈತ. ಎದ್ದು ಬಟ್ಟೆ ಹಾಕಿಕೊಂಡವನು ಗಡಿಪಾರಾದ ರೈತನ ಮಗ. 1931ನ್ನು ಮುಚ್ಚಿಟ್ಟರೆ ಆ ರಾತ್ರಿ ಓದುಗರಿಗೆ ಅರ್ಥವಾಗುವುದಿಲ್ಲ, ಅಲ್ವಾ?

ಅವರ ಕೊನೆಯ ದೊಡ್ಡ ಕಾವ್ಯ 'ನೆನಪಿನ ಹಕ್ಕಿನಿಂದ'. ಅದನ್ನು ನೀವು ಪಟ್ಟಿಯಲ್ಲಿ ಸೇರಿಸಿ ಬಿಟ್ಟಿದ್ದೀರಿ. ಮಗ ಅಪ್ಪನಿಗೆ ಹೊಣೆಯಲ್ಲ ಅಂತ ಸ್ಟಾಲಿನ್ 1935ರಲ್ಲಿ ಹೇಳಿದ ಮಾತನ್ನೇ ಹಿಡಿದು ಅದರ ನಡುವಿನ ಭಾಗ ನಿಂತಿದೆ. ಅಲ್ಲಿ ಅಪ್ಪನ ಕೈಗಳು ಬರುತ್ತವೆ. ಪೂರ್ತಿ ಬಿಡಿಸಲಾಗದ, ಪೂರ್ತಿ ಮಡಚಲೂ ಆಗದ ಕಮ್ಮಾರನ ಕೈ. ಬಿಡಿ ಬಿಡಿ ಜಡ್ಡುಗಳಿಲ್ಲ, ಇಡೀ ಅಂಗೈಯೇ ಒಂದು ಜಡ್ಡು. ಆ ಕಾವ್ಯವನ್ನು ಅವರು ಬದುಕಿರುವಾಗ ಅವರ ದೇಶದಲ್ಲಿ ಅಚ್ಚು ಮಾಡಲು ಬಿಡಲಿಲ್ಲ. ಅವರ ಒಪ್ಪಿಗೆ ಇಲ್ಲದೆ ಹೊರದೇಶದಲ್ಲಿ ಅಚ್ಚಾದಾಗ ಅದನ್ನೇ ಅವರ ಮೇಲೆ ತಿರುಗಿಸಿದರು. 1970ರ ಫೆಬ್ರವರಿಯಲ್ಲಿ ಸಂಪಾದಕ ಮಂಡಳಿಯಿಂದ ಅವರ ಜೊತೆಗಾರರನ್ನು ತೆಗೆದುಹಾಕಿದರು. ಅವರೂ ಹೊರಬಂದರು. 1971ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಾವ್ಯ ಅವರ ನಾಡಿನಲ್ಲಿ ಅಚ್ಚಾದದ್ದು 1987ರಲ್ಲಿ. ಅಪ್ಪನ ಬಗ್ಗೆ ಬಾಯಿ ಬಿಡಲು ಒಬ್ಬ ಮಗನಿಗೆ ಮೂವತ್ತೈದು ವರ್ಷ ಹಿಡಿಯಿತು. ಬಿಟ್ಟಾಗ ಕೇಳುವವರಿಗೆ ತಲುಪಲು ಬಿಡಲಿಲ್ಲ. ನನಗೆ ಇದೇ ಅವರ ಜೀವನಚರಿತ್ರೆ.

ಇನ್ನೊಂದು ತಕರಾರು ಇದೆ, ಚಿಕ್ಕದು. "ವಾಸಿಲಿ ತ್ಯೋರ್ಕಿನ್ ಕಾವ್ಯ ಸೈನಿಕರ ಹೃದಯ ಗೆದ್ದಿತು" ಅಂದಿದ್ದೀರಿ. ಹೇಗೆ ಗೆದ್ದಿತು? 1942ರ ಸೆಪ್ಟೆಂಬರ್‌ನಿಂದ ಯುದ್ಧಭೂಮಿಯ ಪತ್ರಿಕೆಯಲ್ಲಿ ಅಧ್ಯಾಯ ಅಧ್ಯಾಯವಾಗಿ ಬಂತು. ಪ್ರತಿ ಅಧ್ಯಾಯವನ್ನೂ ಅಷ್ಟಕ್ಕೇ ಪೂರ್ತಿಯಾಗುವ ಹಾಗೆ ಬರೆದರು. ಯಾಕೆಂದು ಕವಿಯೇ ಹೇಳಿದ್ದಾರೆ: ಓದುವವನೂ ಯುದ್ಧದಲ್ಲೇ ಇದ್ದಾನೆ, ಮುಂದಿನ ಅಧ್ಯಾಯ ಬರುವವರೆಗೆ ಅವನು ಇರುತ್ತಾನೋ ಇಲ್ಲವೋ. ಈ ಒಂದು ಮಾತು ನಿಮ್ಮ ಎರಡು ಪುಟಕ್ಕಿಂತ ಹೆಚ್ಚು ಹೇಳುತ್ತದೆ. ನದಿ ದಾಟುವ ಅಧ್ಯಾಯದಲ್ಲಿ ದೋಣಿಗಟ್ಟಲೆ ಹುಡುಗರು ತಳ ಸೇರುತ್ತಾರೆ. ಆಚೆ ದಡದಲ್ಲಿ ಉಳಿದವರ ಸುದ್ದಿ ಹೊತ್ತು ಕಾವ್ಯದ ನಾಯಕ, ಸಿಪಾಯಿ ತ್ಯೋರ್ಕಿನ್ ಕೊರೆಯುವ ನೀರಿನಲ್ಲಿ ಈಜಿ ವಾಪಸ್ ಬರುತ್ತಾನೆ. ಮೈಗೆ ಮದ್ಯ ಹಚ್ಚಿ ಉಜ್ಜುವಾಗ, ಚರ್ಮಕ್ಕೆ ಹಾಕಿ ಯಾಕೆ ಹಾಳು ಮಾಡುತ್ತೀರಿ, ಒಳಗೂ ಸ್ವಲ್ಪ ಕೊಡಬಾರದೇ ಅನ್ನುತ್ತಾನೆ. ಇಡೀ ಕಾವ್ಯದಲ್ಲಿ ಸ್ಟಾಲಿನ್ ಹೆಸರು ಒಮ್ಮೆಯೂ ಬರುವುದಿಲ್ಲ. ಇವನ್ನು ಕೊಡಿ. ಹೃದಯ ಗೆದ್ದದ್ದು ಓದುಗರಿಗೆ ತಾನಾಗಿ ತಿಳಿಯುತ್ತದೆ.

ಸಾಧ್ಯವಾದರೆ 1943ರ 'ಎರಡು ಸಾಲು' ಕವನವನ್ನೂ ತನ್ನಿ. ಹಳೇ ಟಿಪ್ಪಣಿ ಪುಸ್ತಕದಲ್ಲಿ, 1940ರಲ್ಲಿ ಫಿನ್ಲೆಂಡಿನ ಮಂಜುಗಡ್ಡೆಯ ಮೇಲೆ ಸತ್ತುಬಿದ್ದ ಒಬ್ಬ ಹುಡುಗ ಸಿಪಾಯಿಯ ಬಗ್ಗೆ ಎರಡು ಸಾಲು. ಕೋಟು ಮಂಜಿಗೆ ಅಂಟಿಕೊಂಡಿದೆ, ಟೋಪಿ ದೂರ ಹಾರಿಬಿದ್ದಿದೆ. ಹುಡುಗ ಬಿದ್ದಿಲ್ಲ, ಇನ್ನೂ ಓಡುತ್ತಲೇ ಇದ್ದಾನೆ, ಮಂಜು ಅವನ ಕೋಟಿನ ಅಂಚು ಹಿಡಿದುಕೊಂಡಿದೆ ಅನ್ನಿಸುತ್ತದೆ ಕವಿಗೆ. ನನ್ನ ಮಟ್ಟಿಗೆ ಅವರ ಎಲ್ಲ ಕವನಗಳಲ್ಲಿ ಇದೇ ದೊಡ್ಡದು.

ಪ್ರಶಸ್ತಿಗಳ ಪಟ್ಟಿ ಪೂರ್ತಿ ತೆಗೆಯಿರಿ, ಆ ಜಾಗ ಬೇಕಾಗುತ್ತದೆ. ನಾಲ್ಕನೇ ಪ್ಯಾರಾ ಎರಡು ಪುಟವಾಗಲಿ, ಮೂರಾಗಲಿ. ಉದ್ದವಾದರೆ ಎರಡು ಸಂಚಿಕೆಗೆ ಹಂಚುತ್ತೇನೆ. ಬರೆದು ಮುಗಿದ ಕೂಡಲೇ ಕಳಿಸಿ, ಬೇರೆ ಯಾವ ಲೇಖನ ಕಾದಿದ್ದರೂ ಇದನ್ನು ಮೊದಲು ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ