ಸಂಪಾದಕರ ಉತ್ತರ: ಸಾಲು ಒಡೆಯಿರಿ, ಚೆಂಡು ಕೊಡಿ

ಪ್ರಿಯ ಓದುಗರೆ,

ಹತ್ತು ವರ್ಷದ ಆಸುಪಾಸಿನ 16 ಮಕ್ಕಳಿಗೆ ವಾರದಲ್ಲಿ ಎರಡು ದಿನ, ಒಂದೊಂದು ಗಂಟೆ ಫುಟ್‌ಬಾಲ್ ಕಲಿಸುತ್ತಿದ್ದೀರಿ. ಅಭ್ಯಾಸದಲ್ಲಿ ಚೆನ್ನಾಗಿ ಪಾಸ್ ಮಾಡುವವರು ಪಂದ್ಯದಲ್ಲಿ ಗಾಬರಿಯಾಗಿ ಚೆಂಡನ್ನು ಎತ್ತಲೋ ಒದ್ದುಬಿಡುತ್ತಾರೆ, ಕೆಲವರಿಗೆ ಆಟದ ಮೇಲೇ ಮನಸ್ಸಿಲ್ಲ. ಮೊದಲು ಹುಮ್ಮಸ್ಸು ಬೆಳೆಸಲೋ ಕೌಶಲವನ್ನೋ ಎಂದು ಕೇಳಿದ್ದೀರಿ. ಎರಡಕ್ಕೂ ತೊಡಕು ಒಂದೇ ಕಡೆ ಇದೆ. ನೀವೇ ಬರೆದಿರುವಂತೆ, ಪಾಸ್ ಅಭ್ಯಾಸಕ್ಕೆ ಎಂಟೆಂಟು ಮಕ್ಕಳನ್ನು ಸರದಿಗೆ ನಿಲ್ಲಿಸುವ ಆ ಎರಡು ಸಾಲು.

ಲೆಕ್ಕ ಹಾಕಿ ನೋಡಿ. ಒಬ್ಬರ ಸರದಿಗೆ 10 ಸೆಕೆಂಡ್ ಹಿಡಿದರೂ ಮತ್ತೆ ಚೆಂಡು ಕಾಲಿಗೆ ಬರಲು 80 ಸೆಕೆಂಡ್ ಬೇಕು. ಹತ್ತು ನಿಮಿಷಕ್ಕೆ ಏಳೆಂಟು ಸಲ! ಬೇಸರ ಬರದೆ ಇನ್ನೇನು? ಮೇಲಾಗಿ ಸಾಲಿನಲ್ಲಿ ಎದುರಾಳಿ ಇರುವುದಿಲ್ಲ. ಯಾರಿಗೆ, ಯಾವಾಗ ಕೊಡಬೇಕೆಂದು ಮಗು ಯೋಚಿಸಬೇಕಾಗಿಯೇ ಇಲ್ಲ.

ಮೈದಾನ ಸುತ್ತಿಸುವ ಓಟ ಬಿಡಿ. ಮೊದಲ 12 ನಿಮಿಷ 20 ಮೀಟರ್ ಚೌಕದೊಳಗೆ ಪ್ರತಿಯೊಬ್ಬರಿಗೂ ಒಂದೊಂದು ಚೆಂಡು ಕೊಟ್ಟು ಡ್ರಿಬಲ್ (ಚೆಂಡನ್ನು ಕಾಲಲ್ಲೇ ತಳ್ಳುತ್ತ ಸಾಗುವುದು) ಮಾಡಿಸಿ. ಮೈಯೂ ಬೆಚ್ಚಗಾಗುತ್ತದೆ, ಒಬ್ಬರಿಗೊಬ್ಬರು ತಾಗದಂತೆ ತಲೆ ಎತ್ತಿ ನೋಡುವುದೂ ರೂಢಿಯಾಗುತ್ತದೆ. ಈ ವಯಸ್ಸಿಗೆ 4ನೇ ಸೈಜಿನ ಚೆಂಡೇ ಸರಿ. ದೊಡ್ಡವರ 5ನೇ ಸೈಜು ಕೊಟ್ಟರೆ ಒದೆಯುವ ರೀತಿಯೇ ಕೆಡುತ್ತದೆ.

ಆಮೇಲೆ 15 ನಿಮಿಷ, 8 ಮೀಟರಿನ ನಾಲ್ಕು ಚೌಕಗಳಲ್ಲಿ ಪಾಸ್ ಮಾಡುವ ಮೂವರ ನಡುವೆ ಚೆಂಡು ಕಸಿಯುವವನು ಒಬ್ಬ. ನಿಮ್ಮ ಕಣ್ಣು ಹೆಚ್ಚು ಇರಬೇಕಾದದ್ದು ಇಲ್ಲಿ. ಪಾಸ್ ಕೊಡುವಾಗ ಊರಿದ ಕಾಲು ಚೆಂಡಿನ ಪಕ್ಕದಲ್ಲಿ ಒಂದು ಗೇಣು ದೂರವಿರಲಿ, ಅದರ ಬೆರಳು ಗುರಿಯತ್ತ ಇರಲಿ, ಒದೆಯುವ ಪಾದದ ಕೀಲು ಬಿಗಿಯಾಗಿರಲಿ. ಚೆಂಡು ಮೇಲಕ್ಕೇಳುತ್ತಿದ್ದರೆ ಮಗು ಹಿಂದಕ್ಕೆ ವಾಲುತ್ತಿದೆ, ಇಲ್ಲವೇ ಊರಿದ ಕಾಲು ಹಿಂದುಳಿದಿದೆ. ಇದಕ್ಕಿಂತ ಕಷ್ಟದ್ದು ಚೆಂಡನ್ನು ತಡೆದುಕೊಳ್ಳುವುದು. ಚೆಂಡು ಬರುವ ಮುಂಚೆಯೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಬೇಕು, ಮೈ ಅರ್ಧ ಓರೆಯಾಗಿಸಿ ಚೆಂಡಿಗೆ ದೂರವಿರುವ ಕಾಲಿನಿಂದ ತೆಗೆದುಕೊಳ್ಳಬೇಕು. ಪಾದ ಗಟ್ಟಿಯಾಗಿ ಮುಂದೆ ಚಾಚಿದರೆ ಚೆಂಡು ಪುಟಿದು ಕಸಿಯುವವನ ಪಾಲಾಗುತ್ತದೆ. ನಿಮ್ಮ ಹುಡುಗರು ಗಾಬರಿಯಾಗುವುದು ಹೆದರಿಕೆಯಿಂದಲ್ಲ, ಸುತ್ತ ಯಾರಿದ್ದಾರೆಂದು ಮೊದಲೇ ನೋಡಿರುವುದಿಲ್ಲ, ಅಷ್ಟೆ.

ಉಳಿದ ಹೊತ್ತೆಲ್ಲ ಆಟ: 25 ಮೀಟರ್ ಉದ್ದ, 18 ಮೀಟರ್ ಅಗಲದ ಎರಡು ಅಂಗಳ, ಗೋಲ್‌ಕೀಪರ್ ಇಲ್ಲದೆ ನಾಲ್ವರ ವಿರುದ್ಧ ನಾಲ್ವರು. ಐದು ನಿಮಿಷಕ್ಕೊಮ್ಮೆ ತಂಡ ಬದಲಿಸಿ. ಗೆರೆಯಾಚೆಯಿಂದ ‘ಪಾಸ್ ಕೊಡು’, ‘ಹೊಡಿ’ ಎಂದು ಕೂಗಬೇಡಿ. ಕೂಗಿದರೆ ಯೋಚನೆ ನಿಮ್ಮದಾಗುತ್ತದೆ, ಕಾಲು ಮಾತ್ರ ಅವರದು. ತಪ್ಪಿದ್ದನ್ನು ವಿರಾಮದಲ್ಲಿ ಕೇಳಿ: ‘ಆಗ ನಿನಗೆ ಯಾರು ಕಂಡರು?’

ಹೆಡಿಂಗ್ (ಚೆಂಡನ್ನು ತಲೆಯಿಂದ ಹೊಡೆಯುವುದು) ಬಗ್ಗೆಯೂ ಕೇಳಿದ್ದೀರಿ. ಈಗ ಬೇಡ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2020ರಲ್ಲೇ ಪ್ರಾಥಮಿಕ ಶಾಲೆಯ ಮಕ್ಕಳ ತರಬೇತಿಯಿಂದ ಅದನ್ನು ಕೈಬಿಡುವಂತೆ ಸೂಚಿಸಿದೆ. ಇನ್ನು ಯಾರಾದರೂ ಹಿಮ್ಮಡಿ ನೋವು, ಮೊಣಕಾಲ ಚಿಪ್ಪಿನ ಕೆಳಗೆ ನೋವು ಎಂದರೆ ಸೋಮಾರಿತನವೆಂದು ತಳ್ಳಿಹಾಕಬೇಡಿ. ಮೂಳೆ ಬೇಗ ಬೆಳೆಯುವ ಈ ವಯಸ್ಸಿನಲ್ಲಿ ಸ್ನಾಯು ಎಳೆಯುವ ಜಾಗಗಳೇ ಅವು. ಅಂಥ ಮಗುವಿನ ಓಟ, ಜಿಗಿತ ಕಡಿಮೆ ಮಾಡಿ; ಕುಂಟುತ್ತಿದ್ದರೆ ಅಂದಿನ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ.

— ಸಂ.