ಚೇರ್‌ಲಿಫ್ಟ್‌ನಲ್ಲಿ ರಾತ್ರಿಯಿಡೀ ಸಿಕ್ಕಿಕೊಳ್ಳುವುದು ಸಾಧ್ಯವೇ?

2010ರ ‘ಫ್ರೋಜನ್’ ಸಿನಿಮಾದ ಹಾಗೆ ಚೇರ್‌ಲಿಫ್ಟ್‌ನಲ್ಲಿ (ಹಿಮದ ಬೆಟ್ಟದ ಮೇಲಕ್ಕೆ ಜನರನ್ನು ತಂತಿಗೆ ತೂಗುಬಿಟ್ಟ ಕುರ್ಚಿಗಳಲ್ಲಿ ಒಯ್ಯುವ ಲಿಫ್ಟ್) ಜನರನ್ನು ಮರೆತುಬಿಡುತ್ತಾರಾ ಅಂತ ಕೇಳಿದ್ದೀರಿ. ಪೂರ್ತಿ ಸುಳ್ಳಲ್ಲ. 2024ರ ಜನವರಿಯಲ್ಲಿ ಅಮೆರಿಕದ ಲೇಕ್ ಟಾಹೋ ಬಳಿ ಒಬ್ಬ ಮಹಿಳೆ ತಂತಿಗೆ ತೂಗಿ ಸಾಗುವ ಗೊಂಡೊಲಾ ಕ್ಯಾಬಿನ್‌ನಲ್ಲಿ ಸುಮಾರು 15 ಗಂಟೆ ಒಬ್ಬರೇ ಸಿಕ್ಕಿಕೊಂಡಿದ್ದರು. ಎಷ್ಟು ಕೂಗಿದರೂ ಯಾರಿಗೂ ಕೇಳಿಸಲಿಲ್ಲ. ಬೆಳಿಗ್ಗೆ ಲಿಫ್ಟ್ ಶುರುವಾದ ಮೇಲೆಯೇ ಇಳಿದದ್ದು. ಅದಾದರೂ ಮುಚ್ಚಿದ ಡಬ್ಬಿ. ತೆರೆದ ಕುರ್ಚಿಯಲ್ಲಾದರೆ ಚಳಿಗಾಳಿಯೇ ಸಾಕು, ಸಿನಿಮಾದಲ್ಲಿ ಬರುವ ತೋಳಗಳೆಲ್ಲ ಸುಮ್ನೆ ಮಸಾಲೆ.

ಕರೆಂಟ್ ಹೋದರೆ ಹೆದರಬೇಕಿಲ್ಲ. ಸಾಮಾನ್ಯವಾಗಿ ಬದಲಿ ಎಂಜಿನ್ ಇರುತ್ತದೆ, ಅದೂ ಕೈಕೊಟ್ಟರೆ ಹಗ್ಗ ಕಟ್ಟಿ ಇಳಿಸುತ್ತಾರೆ. ನನಗೆ ಜಾಸ್ತಿ ಭಯ ಲಿಫ್ಟ್ ಹಿಂದಕ್ಕೆ ಓಡುವುದರದ್ದು. 2018ರ ಮಾರ್ಚ್‌ನಲ್ಲಿ ಜಾರ್ಜಿಯಾ ದೇಶದ ಗುಡೌರಿ ಸ್ಕೀ ತಾಣದಲ್ಲಿ ಹಾಗೇ ಆಯಿತು. ಕೆಳಗಿನ ತಿರುವಿನಲ್ಲಿ ಜನ ಕುರ್ಚಿಯಿಂದ ಎಸೆಯಲ್ಪಟ್ಟರು. ವಿಡಿಯೊ ಇದೆ, ಧೈರ್ಯವಿದ್ದರೆ ನೋಡಿ.