ಯಮಾಶಿತಾ ಆಲ್ಬಮ್ ಆಪ್‌ನಲ್ಲಿ ಯಾಕೆ ಸಿಗುತ್ತಿಲ್ಲ

ಜಪಾನಿ ಗಾಯಕ ತತ್ಸುರೊ ಯಮಾಶಿತಾ ಅವರ 1982ರ ಆಲ್ಬಮ್ 'ಫಾರ್ ಯೂ' ಸ್ಪಾಟಿಫೈನಲ್ಲಿ ಬಾರದಿರುವುದು ನಿಮ್ಮ ಫೋನಿನ ತೊಂದರೆಯಲ್ಲ. ಅವರು ತಮ್ಮ ಹಳೆಯ ಆಲ್ಬಮ್‌ಗಳನ್ನು ಸ್ಟ್ರೀಮಿಂಗ್‌ಗೆ ಕೊಡಲು ಒಪ್ಪಿಲ್ಲ. ಬೇರೆ ದೇಶದಲ್ಲಿರುವಂತೆ ತೋರಿಸುವ ವಿಪಿಎನ್ ಹಾಕಿ ಸುಮ್ನೆ ಒದ್ದಾಡಬೇಡಿ. ಮೊದಲು ಸಿಡಿ ಹುಡುಕಿ. 2023ರಲ್ಲಿ ಎಲ್‌ಪಿಯೂ (ಗ್ರಾಮಫೋನ್ ತಟ್ಟೆ) ಮತ್ತೆ ಬಂತು, ಆದರೆ ಜಪಾನಿನಿಂದ ತರಿಸುವ ಖರ್ಚು ಜಾಸ್ತಿ. ಸಿಡಿಯೇ ವಾಸಿ.

ಅದು ಕೈಸೇರುವವರೆಗೆ ಇನ್ನೊಬ್ಬ ಜಪಾನಿ ಗಾಯಕ ಎಯಿಚಿ ಓಟಾಕಿ ಅವರ 'ಎ ಲಾಂಗ್ ವೆಕೇಶನ್' ಕೇಳಿ. 1981ರದ್ದು, 2021ರಿಂದ ಆಪ್‌ಗಳಲ್ಲಿದೆ. ಬೇಸಿಗೆ ಮಧ್ಯಾಹ್ನಕ್ಕೆ ಇಷ್ಟು ಹಿತವಾದ ಆಲ್ಬಮ್ ನಾನು ಬೇರೆ ಕೇಳಿಲ್ಲ. ಆಮೇಲೆ ಜಪಾನಿ ಗಾಯಕಿ ಆನ್ರಿಯ 'ಟೈಮ್ಲಿ', 1983.

ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದಾಗ ಬರದಿದ್ದರೆ ವಿಕಿಪೀಡಿಯಾದಿಂದ ಗಾಯಕರ ಹೆಸರನ್ನು ಜಪಾನಿ ಲಿಪಿಯಲ್ಲೇ ಕಾಪಿ ಮಾಡಿ ಹುಡುಕಿ. ಬಹುಶಃ ಆಗ ಸಿಗುತ್ತದೆ.